ಮತ್ತಾಯನ ಎರಡು ಕತ್ತೆಗಳು: ಪ್ರವಾದನೆ ‘ನೆರವೇರಿತು’ ಎಂದರೆ ಏನು?

ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಎರಡು ಕತ್ತೆಗಳು ಬರುತ್ತವೆ. ಯೇಸು ಯೆರೂಸಲೇಮಿಗೆ ಬರುವ ದಿನ ಶಿಷ್ಯರು ತಾಯಿಕತ್ತೆಯನ್ನೂ ಅದರ ಮರಿಯನ್ನೂ ಹಿಡಿದು ತರುತ್ತಾರೆ, ಎರಡರ ಮೇಲೂ ಬಟ್ಟೆ ಹಾಕುತ್ತಾರೆ, ಆತ ಅವುಗಳ ಮೇಲೆ ಕೂರುತ್ತಾನೆ. ಇದೇ ಪ್ರಸಂಗ ಉಳಿದ ಮೂರು ಸುವಾರ್ತೆಗಳಲ್ಲೂ (ಮಾರ್ಕ 11, ಲೂಕ 19, ಯೋಹಾನ 12) ಇದೆ. ಅಲ್ಲೆಲ್ಲ ಇರುವುದು ಒಂದೇ ಪ್ರಾಣಿ. ಹಾಗಾದರೆ ಎರಡನೆಯದು ಎಲ್ಲಿಂದ ಬಂತು? ಮತ್ತಾಯನೇ ಸುಳಿವು ಕೊಡುತ್ತಾನೆ. ಪ್ರವಾದಿಯ ಮಾತು ನೆರವೇರುವಂತೆ ಇದಾಯಿತು ಎಂದು ಹೇಳಿ ಹಳೆಯ ಒಡಂಬಡಿಕೆಯ ಜೆಕರ್ಯ 9:9ನ್ನು ಎತ್ತಿಕೊಳ್ಳುತ್ತಾನೆ: ನಿನ್ನ ಅರಸನು ಕತ್ತೆಯನ್ನೇರಿ, ಕತ್ತೆಮರಿಯನ್ನೇರಿ ಬರುತ್ತಾನೆ. ಒಂದೇ ಸಂಗತಿಯನ್ನು ಮಾತು ಬದಲಿಸಿ ಎರಡು ಸಲ ಹೇಳುವುದು ಹೀಬ್ರೂ ಕಾವ್ಯದ ರೂಢಿ. ಕೀರ್ತನೆಗಳನ್ನು ನಾಲ್ಕು ಪುಟ ಓದಿದವರಿಗೂ ಇದು ಗೊತ್ತಾಗುತ್ತದೆ. ಜೆಕರ್ಯನ ಅರಸನಿಗೆ ಇದ್ದದ್ದು ಒಂದೇ ಕತ್ತೆ. ಮತ್ತಾಯ ಎರಡು ಸಾಲಿಗೆ ಎರಡು ಪ್ರಾಣಿಯನ್ನು ತಂದು ನಿಲ್ಲಿಸಿದ.

ಇದನ್ನು ಕಂಡ ಕೂಡಲೇ ಇಡೀ ಪ್ರವೇಶವೇ ಪ್ರವಾದನೆ ನೋಡಿ ಕಟ್ಟಿದ ಕತೆ ಅನ್ನುವವರಿದ್ದಾರೆ. ಐನೂರು ವರ್ಷ ಮೊದಲೇ ಕತ್ತೆಯ ಸಮೇತ ಹೇಳಿಟ್ಟಿದ್ದರು ನೋಡಿ ಎಂದು ಬೀಗುವವರೂ ಇದ್ದಾರೆ. ಇಬ್ಬರೂ ಜೆಕರ್ಯನ ಪುಸ್ತಕ ತೆರೆಯುವ ಗೋಜಿಗೆ ಹೋಗುವುದಿಲ್ಲ. ತೆರೆದರೆ ಮುಂದಿನದೇ ಸಾಲು, 9:10, ಆ ಅರಸ ಎಫ್ರಾಯೀಮಿನಿಂದ ರಥಗಳನ್ನೂ ಯೆರೂಸಲೇಮಿನಿಂದ ಕುದುರೆಗಳನ್ನೂ ತೆಗೆದುಹಾಕಿ ಜನಾಂಗಗಳಿಗೆ ಸಮಾಧಾನ ಸಾರುತ್ತಾನೆ ಅನ್ನುತ್ತದೆ. ಅದಕ್ಕೂ ಹಿಂದೆ ದಾವೀದನ ಹೇಸರಗತ್ತೆ ಏರಿ ಅಭಿಷೇಕಕ್ಕೆ ಹೋದ ಸೊಲೊಮೋನ ಇದ್ದಾನೆ (1 ಅರಸುಗಳು 1:33). ದಾರಿಯಲ್ಲಿ ಬಟ್ಟೆ ಹಾಸಿದ ಜನರ ಹಿಂದೆ ಯೇಹು ಅರಸನಾದ ಗಳಿಗೆ ಇದೆ (2 ಅರಸುಗಳು 9:13). ಉದ್ಧರಿಸಿದ ಒಂದು ಸಾಲು ತನ್ನ ಹಿಂದಿನ ಇಡೀ ಅಧ್ಯಾಯವನ್ನೇ ಎಳೆದುಕೊಂಡು ಬರುತ್ತದೆ. ಸುವಾರ್ತೆಗಳ ‘ನೆರವೇರಿಕೆ’ಯನ್ನು ಭವಿಷ್ಯ ಹೇಳಿ ಟಿಕ್ ಹಾಕುವ ಲೆಕ್ಕ ಎಂದುಕೊಂಡರೆ ಅರ್ಧದಷ್ಟು ಉದ್ಧರಣೆಗಳು ಕೈಕೊಡುತ್ತವೆ. ಇಸ್ರೇಲಿನ ಹಳೆಯ ಕತೆಯನ್ನು ಒಬ್ಬ ಮನುಷ್ಯನ ಮೇಲೆ ಮತ್ತೆ ಓದುವ ಕ್ರಮ ಅಂದುಕೊಂಡರೆ ಕೂಡಿಬರುತ್ತವೆ. ಕೂಡಿಬರದ ಕೆಲವು ಉಳಿಯುತ್ತವೆ. ಅವೇ ಹೆಚ್ಚು ಕಲಿಸುತ್ತವೆ.

ಓದುವ ಕ್ರಮ ಕಷ್ಟದ್ದೇನಲ್ಲ. ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಎಳೆಯಿರಿ. ಮೊದಲನೆಯದರಲ್ಲಿ ಸುವಾರ್ತೆ ಕೊಟ್ಟ ಸಾಲು. ಎರಡನೆಯದರಲ್ಲಿ ಮೂಲ ಪುಸ್ತಕದ ಆ ಸಾಲು, ಹಿಂದಿನ ಹತ್ತು ಮುಂದಿನ ಹತ್ತು ವಚನಗಳ ಸಮೇತ. ಮೂರನೆಯದರಲ್ಲಿ ಅದೇ ಘಟನೆಯನ್ನು ಉಳಿದ ಸುವಾರ್ತೆಗಳು ಹೇಳಿದ ರೀತಿ. ನಾಲ್ಕನೆಯದರಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ಎಂಬುದು. ಯೆಹೂದಿಗಳ ಹೀಬ್ರೂ ಬೈಬಲಾದ ತನಖ್ ಜೊತೆ ಹೋಲಿಸುವವರಿಗೆ ಒಂದು ಎಚ್ಚರಿಕೆ: ವಚನದ ಸಂಖ್ಯೆಗಳು ಕೆಲವೆಡೆ ಹೊಂದುವುದಿಲ್ಲ. ಸಾಮಾನ್ಯ ಬಳಕೆಯ ಕನ್ನಡ ಬೈಬಲಿನ ಯೆಶಾಯ 9:6 ಅಲ್ಲಿ 9:5, ಮೀಕ 5:2 ಅಲ್ಲಿ 5:1, ಮಲಾಕಿಯ 4:5 ಅಲ್ಲಿ 3:23. ಹಲವು ಕೀರ್ತನೆಗಳಲ್ಲಿ ತಲೆಬರಹವನ್ನೇ ಮೊದಲ ವಚನವೆಂದು ಎಣಿಸುವುದರಿಂದ ಸಾಮಾನ್ಯವಾಗಿ ಒಂದು ಹೆಚ್ಚಾಗಿರುತ್ತದೆ. ಇಷ್ಟು ಗೊತ್ತಿಲ್ಲದೆ ‘ಯೆಹೂದಿಗಳ ಬೈಬಲಿನಲ್ಲಿ ಆ ವಚನವೇ ಇಲ್ಲ’ ಎಂದು ಕೂಗಾಡಿದವರಿದ್ದಾರೆ.

ಅಧ್ಯಾಯದ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಯ ವಚನ ಸಂಖ್ಯೆ 1551ರಲ್ಲಿ. ಒಂದನೇ ಶತಮಾನದವರ ಕೈಯಲ್ಲಿದ್ದದ್ದು ಸುರುಳಿ. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿ ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ್ದು, ಸುಮಾರು 7.3 ಮೀಟರ್ ಉದ್ದ, 54 ಅಂಕಣ. ಅದರಲ್ಲಿ ಜಾಗ ತೋರಿಸಬೇಕೆಂದರೆ ಒಂದು ಸಾಲು ಹೇಳಬೇಕು, ಕೇಳಿದವನಿಗೆ ಉಳಿದದ್ದು ನೆನಪಾಗಬೇಕು.

ಮತ್ತಾಯ ‘ನೆರವೇರುವಂತೆ’ ಎಂಬ ಸೂತ್ರವನ್ನು ಹತ್ತರಷ್ಟು ಸಲ ಬಳಸುತ್ತಾನೆ. ದಟ್ಟವಾಗಿ ಸಿಗುವುದು ಎರಡನೇ ಅಧ್ಯಾಯದಲ್ಲಿ. ಅರಸ ಹೆರೋದನಿಂದ ತಪ್ಪಿಸಿಕೊಂಡ ಮಗು ಐಗುಪ್ತಕ್ಕೆ ಹೋಗಿ ಉಳಿದಾಗ ಹೋಶೇಯ 11:1 ಬರುತ್ತದೆ: ಐಗುಪ್ತದಿಂದ ನನ್ನ ಮಗನನ್ನು ಕರೆದೆನು. ಹೋಶೇಯನಲ್ಲಿ ಆ ‘ಮಗ’ ಯಾರೆಂಬ ಸಂಶಯವೇ ಇಲ್ಲ, ಇಸ್ರೇಲ್ ಜನ. ಮಾತು ಭವಿಷ್ಯದ್ದೂ ಅಲ್ಲ, ಮೋಶೆಯ ಕಾಲದ ಬಿಡುಗಡೆಯ ನೆನಪು. ಮುಂದಿನ ವಚನದಲ್ಲೇ ಆ ಮಗ ಬಾಳ್ ಎಂಬ ಅನ್ಯದೇವತೆಗೆ ಬಲಿ ಕೊಡುತ್ತಾನೆ. ಭವಿಷ್ಯವಾಣಿ ಎಂದು ಹಿಡಿದರೆ ಇದು ಸಾಲು ಕಿತ್ತು ಅಂಟಿಸಿದಂತೆ ಕಾಣುತ್ತದೆ. ಆದರೆ ಮತ್ತಾಯ ಎರಡು ಅಧ್ಯಾಯ ಮುಂದೆ ಏನು ಮಾಡುತ್ತಾನೆ ನೋಡಿ. ಐಗುಪ್ತ ದಾಟಿದ ಯೇಸು ನೀರಿಗಿಳಿಯುತ್ತಾನೆ, ಅರಣ್ಯಕ್ಕೆ ಹೋಗುತ್ತಾನೆ, ನಲವತ್ತು ದಿನ ಹಸಿದಿರುತ್ತಾನೆ. ಸೈತಾನನಿಗೆ ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು (8:3, 6:16, 6:13), ಅಂದರೆ ನಲವತ್ತು ವರ್ಷ ಅರಣ್ಯದಲ್ಲಿ ಇಸ್ರೇಲ್ ಎಡವಿದ ಜಾಗಗಳನ್ನು ನೆನಪಿಸುವ ಭಾಗದವು. ಎಡವಿದ ಮಗನ ದಾರಿಯಲ್ಲೇ ಇನ್ನೊಬ್ಬ ಮಗ ನಡೆದ ಎಂಬುದು ಮತ್ತಾಯನ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ವಾದ ಮಾತ್ರ ಇದು.

ಅದೇ ಅಧ್ಯಾಯದ ರಾಹೇಲಳ ಅಳುವೂ ಹಾಗೆಯೇ. ಬೇತ್ಲೆಹೇಮಿನ ಮಕ್ಕಳ ಕೊಲೆಗೆ ಮತ್ತಾಯ ಯೆರೆಮೀಯ 31:15ನ್ನು ಕೊಡುತ್ತಾನೆ. ಯೆರೆಮೀಯನಲ್ಲಿ ಅಳು ಕೇಳುವುದು ಯೆರೂಸಲೇಮಿನ ಉತ್ತರದ ರಾಮದಲ್ಲಿ; ಸೆರೆಯವರನ್ನು ಬೇಡಿ ಹಾಕಿ ಬಾಬೆಲಿಗೆ ಹೊರಡಿಸುವ ಮುನ್ನ ಕೂಡಿಸಿದ ಜಾಗ ಅದು (40:1). ಬೇತ್ಲೆಹೇಮ್ ಇರುವುದು ದಕ್ಷಿಣಕ್ಕೆ. ಭೂಗೋಳ ಹೊಂದುವುದಿಲ್ಲ. ಆದರೆ 31:16ರಲ್ಲಿ ‘ಅಳಬೇಡ, ಮಕ್ಕಳು ಹಿಂತಿರುಗುವರು’ ಎಂದಿದೆ, 31:31ರಲ್ಲಿ ‘ಹೊಸ ಒಡಂಬಡಿಕೆ’ ಇದೆ. ಕೊನೆಯ ಭೋಜನದ ಪಾತ್ರೆಯ ಮಾತು (ಲೂಕ 22:20) ಹುಟ್ಟಿದ್ದು ಅಲ್ಲಿಂದ. ಪುಸ್ತಕದ ಬಹುಭಾಗ ಶಾಪ ಹಾಕುತ್ತಲೇ ಇರುವ ಯೆರೆಮೀಯನಲ್ಲಿ ಸಾಂತ್ವನ ಸಿಗುವ ಕೆಲವೇ ಪುಟಗಳಿಂದ ಮತ್ತಾಯ ಅಳುವ ಸಾಲನ್ನು ಆರಿಸಿದ್ದು ಕಾಕತಾಳೀಯ ಅನಿಸುವುದಿಲ್ಲ.

ಅಧ್ಯಾಯದ ಕೊನೆಯ ಉದ್ಧರಣೆ ಇನ್ನೂ ವಿಚಿತ್ರ. ಯೇಸುವಿನ ಕುಟುಂಬ ನಜರೇತಿನಲ್ಲಿ ನೆಲೆಸಿತು, ‘ಆತನು ನಜರೇತಿನವನು ಅನ್ನಿಸಿಕೊಳ್ಳುವನು’ ಎಂಬ ಪ್ರವಾದಿಗಳ ಮಾತು ನೆರವೇರಿತು ಎಂದಿದೆ (2:23). ಇಡೀ ಹಳೆಯ ಒಡಂಬಡಿಕೆಯಲ್ಲಿ ಅಂಥ ಸಾಲಿಲ್ಲ. ನಜರೇತ್ ಎಂಬ ಊರಿನ ಹೆಸರೇ ಇಲ್ಲ. ಹೀಬ್ರೂ ಪದಗಳ ಉಚ್ಚಾರಣೆಯ ಹೋಲಿಕೆ ಹಿಡಿದು ಯೆಶಾಯ 11:1ರ ಚಿಗುರಿನ ಕಡೆಗೋ ಸಂಸೋನನ ನಾಜೀರ ವ್ರತದ ಕಡೆಗೋ ಬೆರಳು ತೋರಿಸುತ್ತಾರೆ, ಯಾವುದೂ ಪೂರ್ತಿ ಒಪ್ಪುವುದಿಲ್ಲ. ಪ್ರವಾದನೆ ನೋಡಿ ಕತೆ ಕಟ್ಟುವವನು ಇಲ್ಲದ ಪ್ರವಾದನೆಗೆ ಊರು ಕಟ್ಟುವುದಿಲ್ಲ. ಇಲ್ಲಿ ಊರು ಮೊದಲಿತ್ತು, ಅದಕ್ಕೊಂದು ವಚನ ಹುಡುಕಿದರು.

ಕನ್ನಿಕೆ ಮಗನನ್ನು ಹೆರುವಳು ಎಂದು ಮತ್ತಾಯ ಯೇಸುವಿನ ಹುಟ್ಟಿಗೆ ಅನ್ವಯಿಸುವ ಯೆಶಾಯ 7:14ರ ಬಗ್ಗೆ ಉದ್ದ ಬರೆಯುವುದಿಲ್ಲ. ‘ಕನ್ನಿಕೆ’ಯೋ ‘ಯುವತಿ’ಯೋ ಎಂಬ ಜಗಳ ಎರಡನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್‌ನ ಕಾಲದಿಂದಲೂ ನಡೆದಿದೆ. ಅದಕ್ಕಿಂತ ಮುಖ್ಯವಾದದ್ದು 7:16. ಕ್ರಿ.ಪೂ. 734ರ ಸುಮಾರಿಗೆ ದಮಸ್ಕ ಮತ್ತು ಸಮಾರ್ಯದ ಅರಸರು ಒಟ್ಟಾಗಿ ಮೇಲೆ ಬಿದ್ದಾಗ ಯೆಹೂದದ ಅರಸ ಆಹಾಜನಿಗೆ ಕೊಟ್ಟ ಗುರುತು ಇದು: ಹುಟ್ಟುವ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದರೊಳಗೆ ಆ ಇಬ್ಬರ ನಾಡು ಬರಿದಾಗುವುದು. ಏಳುನೂರು ವರ್ಷದ ಮೇಲೆ ಹುಟ್ಟುವ ಮಗು ಆಹಾಜನಿಗೆ ಗುರುತಾಗಲಾರದು. ಮೊದಲ ನೆರವೇರಿಕೆ ಅಂದೇ ಆಯಿತೆಂದು ಒಪ್ಪಿ, ಎರಡನೆಯದನ್ನು ಅದರ ಮೇಲೆ ಕೂರಿಸಿ ಓದುವ ಕ್ರೈಸ್ತ ವ್ಯಾಖ್ಯಾನ ಮಾತ್ರ ಈ ವಚನದ ಎದುರು ನಿಲ್ಲುತ್ತದೆ.

ಮೂವತ್ತು ಬೆಳ್ಳಿ ನಾಣ್ಯದ ಪ್ರಸಂಗದಲ್ಲಿ ಮೂರನೇ ಕಾಲಮ್ ಬೆಲೆ ಬಾಳುತ್ತದೆ. ಮಾರ್ಕ 14:11ರಲ್ಲಿ ಮಹಾಯಾಜಕರು ಯೂದನಿಗೆ ಹಣ ಕೊಡುವ ಮಾತು ಕೊಟ್ಟರು ಎಂದಷ್ಟೇ ಇದೆ. ‘ಮೂವತ್ತು’ ಎಂಬುದು ಮತ್ತಾಯನಲ್ಲಿ ಮಾತ್ರ. ಸಂಖ್ಯೆ ಜೆಕರ್ಯ 11:12ರದ್ದು: ಕುರುಬನಾಗಿ ದುಡಿದ ಪ್ರವಾದಿಗೆ ಮೂವತ್ತು ಬೆಳ್ಳಿ ತೂಗಿ ಕೊಡುತ್ತಾರೆ, ಅವನು ಅದನ್ನು ದೇವಾಲಯದಲ್ಲಿ ಕುಂಬಾರನ ಕಡೆಗೆ ಎಸೆಯುತ್ತಾನೆ. ಎತ್ತು ತಿವಿದು ಗುಲಾಮ ಸತ್ತರೆ ಯಜಮಾನನಿಗೆ ಕೊಡಬೇಕಾದ ಪರಿಹಾರವೂ ಮೂವತ್ತೇ (ವಿಮೋಚನಕಾಂಡ 21:32); ಜೆಕರ್ಯನ ವ್ಯಂಗ್ಯ ಅಲ್ಲಿದೆ. ಮತ್ತಾಯ 27ರಲ್ಲಿ ಯೂದ ಹಣವನ್ನು ದೇವಾಲಯದಲ್ಲಿ ಬಿಸಾಡುತ್ತಾನೆ, ಯಾಜಕರು ಅದರಿಂದ ಕುಂಬಾರನ ಹೊಲ ಕೊಳ್ಳುತ್ತಾರೆ. ಆದರೆ ಮತ್ತಾಯ ಹೆಸರಿಸುವುದು ಯೆರೆಮೀಯನನ್ನು! ಬರಿಯ ತಪ್ಪೆಂದು ದಾಟುವ ಮುನ್ನ ಯೆರೆಮೀಯ 19 ಓದಿ: ಕುಂಬಾರನ ಗಡಿಗೆ, ನಿರಪರಾಧಿಗಳ ರಕ್ತ, ಹೂಳುವುದಕ್ಕೆ ಜಾಗ ಸಾಲದ ಕಣಿವೆ. 32ನೇ ಅಧ್ಯಾಯದಲ್ಲಿ ಹದಿನೇಳು ಶೆಕೆಲಿಗೆ ಹೊಲದ ಖರೀದಿಯೂ ಇದೆ. ಹಣ ಜೆಕರ್ಯನದು, ಹೊಲ ಯೆರೆಮೀಯನದು, ಎರಡನ್ನೂ ಹೆಣೆದು ದೊಡ್ಡ ಪ್ರವಾದಿಯ ಹೆಸರು ಹಾಕಿದ್ದಾನೆ. ಮಾರ್ಕ ಕೂಡ ಶುರುವಿನಲ್ಲೇ ಮಲಾಕಿಯನ ಸಾಲೊಂದನ್ನು ಯೆಶಾಯನ ಸಾಲಿಗೆ ಸೇರಿಸಿ ಯೆಶಾಯನ ಹೆಸರು ಮಾತ್ರ ಹೇಳುತ್ತಾನೆ. ಮುಂದಿನ ನಕಲುಗಾರರಿಗೆ ಇದು ಇರಿಸುಮುರಿಸಾಗಿ ‘ಪ್ರವಾದಿಗಳಲ್ಲಿ ಬರೆದಿರುವಂತೆ’ ಎಂದು ತಿದ್ದಿದ ಪ್ರತಿಗಳೂ ಇವೆ.

ಹಾಗಾದರೆ ವಚನವೇ ಘಟನೆಯ ವಿವರವನ್ನು ತಿದ್ದಿದ್ದುಂಟೇ? ಉಂಟು, ಮತ್ತು ಅದು ಬರಿಗಣ್ಣಿಗೆ ಕಾಣುತ್ತದೆ. ಶಿಲುಬೆಗೆ ಮುನ್ನ ಕೊಟ್ಟ ದ್ರಾಕ್ಷಾರಸದಲ್ಲಿ ಮಾರ್ಕನ ಪ್ರಕಾರ ಇದ್ದದ್ದು ರಕ್ತಬೋಳ (15:23). ಮತ್ತಾಯನ ಪ್ರಕಾರ ಕಹಿ (27:34). ಕೀರ್ತನೆ 69:21ರಲ್ಲಿ ಇರುವುದು ಕಹಿ. ಕೀರ್ತನೆ 22:18ರ ‘ಬಟ್ಟೆ ಹಂಚಿಕೊಂಡರು, ಅಂಗಿಗೆ ಚೀಟಿ ಹಾಕಿದರು’ ಎಂಬ ಜೋಡಿಸಾಲು ಯೋಹಾನ 19ರಲ್ಲಿ ಎರಡು ಬೇರೆ ಕೆಲಸವಾಗಿದೆ: ಬಟ್ಟೆ ನಾಲ್ಕು ಪಾಲು, ಹೊಲಿಗೆಯಿಲ್ಲದ ಅಂಗಿಗೆ ಮಾತ್ರ ಚೀಟಿ. ವಿವರಗಳು ವಚನದ ಕಡೆಗೆ ವಾಲಿವೆ. ಆದರೆ ವಾಲಲು ಮೊದಲು ಒಂದು ಶಿಲುಬೆ ಬೇಕಿತ್ತು. ಅದು ಯಾರೂ ಬಯಸಿದ್ದ ಮೆಸ್ಸೀಯನ, ಅಂದರೆ ದೇವರ ಅಭಿಷಿಕ್ತನ, ಚಿತ್ರವಲ್ಲ. ಮಾರ್ಕ 8ರಲ್ಲಿ ಪೇತ್ರ ಯೇಸುವನ್ನು ಗದರಿಸುವುದು ಅದಕ್ಕೇ.

ಕೀರ್ತನೆ 22ರ ಇನ್ನೊಂದು ಸಂಗತಿ ಉಪದೇಶಗಳಲ್ಲಿ ಕೇಳಿಬರುವುದಿಲ್ಲ. 22:16ರ ‘ಕೈಕಾಲುಗಳನ್ನು ತಿವಿದರು’ ಎಂಬುದು ಶುಭಶುಕ್ರವಾರದ ಮುಖ್ಯ ಪುರಾವೆಯಾಗಿ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಯಾರೂ ಆ ವಚನವನ್ನು ಉದ್ಧರಿಸಿಲ್ಲ. ಅದೇ ಕೀರ್ತನೆಯ ಬೇರೆ ಸಾಲುಗಳು ಬಂದಿವೆ, ಇದು ಬಂದಿಲ್ಲ. ಇರಿತಕ್ಕೆ ಯೋಹಾನ ಜೆಕರ್ಯ 12:10ನ್ನು ಹುಡುಕಿಕೊಂಡು ಹೋಗುತ್ತಾನೆ. ರೂಢಿಯ ಹೀಬ್ರೂ ಪಾಠದಲ್ಲಿ 22:16ರ ‘ತಿವಿದರು’ ಇರುವ ಜಾಗದಲ್ಲಿರುವುದು ‘ಸಿಂಹದಂತೆ’. ಗ್ರೀಕ್ ಪಾಠದಲ್ಲಿ ‘ತೋಡಿದರು’. ಸುವಾರ್ತೆಗಾರರೇ ಭಾರ ಹಾಕದ ಕಡೆ ನಾವು ಇಡೀ ಮನೆಯ ಭಾರ ಹಾಕುವುದು ಜಾಣತನವಲ್ಲ.

ಇನ್ನು ನಿರೀಕ್ಷೆಯ ವಿಷಯ. ‘ಯೆಹೂದಿಗಳು ಒಬ್ಬ ಮೆಸ್ಸೀಯನಿಗಾಗಿ ಕಾಯುತ್ತಿದ್ದರು’ ಎಂಬ ವಾಕ್ಯ ಅರ್ಧ ಸತ್ಯ. ಅಭಿಷಿಕ್ತ ಎಂದರೆ ಹಳೆಯ ಪುಸ್ತಕಗಳಲ್ಲಿ ಅರಸ, ಮಹಾಯಾಜಕ. ಯೆಶಾಯ 45:1ರಲ್ಲಿ ಪರ್ಷಿಯದ ಕೋರೆಷನೂ ಹೌದು. ಬೇರು ಇರುವುದು 2 ಸಮುವೇಲ 7ರಲ್ಲಿ, ದಾವೀದನ ಸಿಂಹಾಸನ ಶಾಶ್ವತ ಎಂದು ಪ್ರವಾದಿ ನಾತಾನ ಕೊಟ್ಟ ಮಾತಿನಲ್ಲಿ. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟಾಗ ಸಿಂಹಾಸನವೂ ಹೋಯಿತು. ಮಾತು ಉಳಿಯಿತು, ಅರಸ ಉಳಿಯಲಿಲ್ಲ. ಆ ಬಿರುಕಿನಿಂದ ಹುಟ್ಟಿದ ಬಯಕೆಗಳು ಹಲವು. ಕುಮ್ರಾನಿನ ಪಂಗಡದ ನಿಯಮದಲ್ಲಿ ಇಬ್ಬರು ಬರಬೇಕು: ಆರೋನನ ಯಾಜಕ, ಇಸ್ರೇಲಿನ ಅರಸ. ಯೇಸುವಿನ ಸುಮಾರು ನೂರು ವರ್ಷದ ನಂತರ, 132ರಲ್ಲಿ ರೋಮಿನ ವಿರುದ್ಧ ಎದ್ದ ಬಾರ್ ಕೊಖ್ಬಾನಿಗೆ ರಬ್ಬಿ ಅಕಿವಾ ಅರಣ್ಯಕಾಂಡ 24:17ರ ನಕ್ಷತ್ರದ ಮಾತನ್ನು ಅನ್ವಯಿಸಿದ. 135ರಲ್ಲಿ ಆ ದಂಗೆಯೂ ಮುಗಿಯಿತು. ಒಂದೇ ಗ್ರಂಥದ ಬೇರೆ ಬೇರೆ ಸಾಲುಗಳನ್ನು ಹಿಡಿದರೆ ಬೇರೆ ಬೇರೆ ಮೆಸ್ಸೀಯರು ಸಿಗುತ್ತಾರೆ.

ಕುಮ್ರಾನಿನ ನಾಲ್ಕನೇ ಗುಹೆಯ 521ನೇ ಸಂಖ್ಯೆಯ ಬರಹದಲ್ಲಿ, ಆಕಾಶವೂ ಭೂಮಿಯೂ ದೇವರ ಅಭಿಷಿಕ್ತನಿಗೆ ಕಿವಿಗೊಡುವ ದಿನದಲ್ಲಿ, ಕುರುಡರಿಗೆ ಕಣ್ಣು ಬರುತ್ತದೆ, ಸತ್ತವರು ಏಳುತ್ತಾರೆ, ಬಡವರಿಗೆ ಶುಭವಾರ್ತೆ ಸಿಗುತ್ತದೆ. ಸ್ನಾನಿಕ ಯೋಹಾನನಿಗೆ ಯೇಸು ಕಳಿಸುವ ಉತ್ತರದಲ್ಲೂ (ಲೂಕ 7:22) ಈ ಮೂರೂ ಇವೆ. ಮೂಲವಾದ ಯೆಶಾಯ 61ರಲ್ಲಿ ಸತ್ತವರು ಏಳುವ ಮಾತಿಲ್ಲ. ಆ ಕಾಲದ ಯೆಹೂದಿಗಳು ಯೆಶಾಯನನ್ನು ಹೀಗೆ ಹೆಣೆದು ಓದುತ್ತಿದ್ದರು, ಸುವಾರ್ತೆ ಆ ಓದಿನೊಳಗಿನಿಂದಲೇ ಮಾತಾಡುತ್ತಿದೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ ಭಾಗವೂ (ಲೂಕ 4:18-19) ಹೆಣಿಗೆಯೇ: ಯೆಶಾಯ 61ರ ನಡುವೆ 58:6ರ ತುಂಡೊಂದು ಕೂತಿದೆ. ಓದು ನಿಲ್ಲುವುದು ‘ಕರ್ತನ ಪ್ರಸನ್ನತೆಯ ವರ್ಷ’ ಎಂಬಲ್ಲಿ. ಮೂಲದಲ್ಲಿ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, ‘ನಮ್ಮ ದೇವರು ಮುಯ್ಯಿ ತೀರಿಸುವ ದಿನ’ ಎಂದು ಮುಂದುವರಿಯುತ್ತದೆ. ಮುಯ್ಯಿಯ ಸಾಲನ್ನು ಬಿಟ್ಟು ಸುರುಳಿ ಸುತ್ತಿದ್ದು, ಆಮೇಲೆ ಸೀದೋನಿನ ವಿಧವೆ, ಸಿರಿಯದ ನಾಮಾನ ಎಂಬ ಹೊರಗಿನವರ ಉದಾಹರಣೆ ಕೊಟ್ಟದ್ದು, ಊರವರು ಬೆಟ್ಟದ ಅಂಚಿನ ತನಕ ಅಟ್ಟಿದ್ದು, ಇವು ಒಂದಕ್ಕೊಂದು ಅಂಟಿಕೊಂಡಿವೆ. ಬಿಟ್ಟ ಸಾಲನ್ನು ನೋಡದಿದ್ದರೆ ಅವರ ಸಿಟ್ಟೇ ಅರ್ಥವಾಗುವುದಿಲ್ಲ.

ಯೆಶಾಯ 53ಕ್ಕೆ ಬಂದರೆ ಎಲ್ಲರೂ ದನಿ ಏರಿಸುತ್ತಾರೆ. ಭಾಗ ಶುರುವಾಗುವುದು 52:13ರಲ್ಲಿ. 53:1ರಿಂದ ಓದುವುದೇ ಮೊದಲ ತಪ್ಪು. ‘ನನ್ನ ಸೇವಕ’ ಯಾರು? 41:8, 44:1, 49:3ರಲ್ಲಿ ಇಸ್ರೇಲ್ ಎಂದು ಹೆಸರಿಟ್ಟೇ ಹೇಳಿದೆ. 49:6ರಲ್ಲಿ ಮಾತ್ರ ಅದೇ ಸೇವಕ ಇಸ್ರೇಲನ್ನು ಹಿಂದಕ್ಕೆ ತರಬೇಕಾದವನು; ತಾನೇ ತನ್ನನ್ನು ತರುವುದು ಹೇಗೆ? ಕಗ್ಗಂಟು ಪುಸ್ತಕದೊಳಗೇ ಇದೆ. ಸೇವಕನೆಂದರೆ ಚದರಿಹೋದ ಇಡೀ ಜನ ಎಂದು ಯೆಹೂದಿಗಳು ಹೇಳುತ್ತಿದ್ದರೆಂದು 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ದಾಖಲಿಸಿದ್ದಾನೆ, ಹಾಗಾಗಿ ಅದು 11ನೇ ಶತಮಾನದ ರಾಶಿ ಎಂಬ ಯೆಹೂದಿ ವ್ಯಾಖ್ಯಾನಕಾರ ಹೊಸದಾಗಿ ಹುಟ್ಟಿಸಿದ್ದು ಎಂಬ ಆರೋಪ ನಿಲ್ಲುವುದಿಲ್ಲ. ಯೆಹೂದಿಗಳು ಎಂದೂ ಇದನ್ನು ಮೆಸ್ಸೀಯನಿಗೆ ಅನ್ವಯಿಸಿಲ್ಲ ಎಂಬುದೂ ನಿಲ್ಲುವುದಿಲ್ಲ: ತಾರ್ಗುಮ್ ಎಂಬ ಅರಾಮ್ಯ ಭಾಷಾಂತರ ಸೇವಕನನ್ನು ಮೆಸ್ಸೀಯ ಅನ್ನುತ್ತದೆ, ಆದರೆ ನೋವುಗಳನ್ನೆಲ್ಲ ಬೇರೆಯವರ ಮೇಲೆ ಹಾಕುತ್ತದೆ.

ಸುವಾರ್ತೆಗಳು ಈ ಅಧ್ಯಾಯವನ್ನು ಬಳಸುವುದು ನಾವು ಅಂದುಕೊಂಡಷ್ಟು ಇಲ್ಲ. ‘ಆತನು ನಮ್ಮ ಸಂಕಷ್ಟಗಳನ್ನು ಹೊತ್ತನು’ ಎಂಬ 53:4ನ್ನು ಮತ್ತಾಯ ತರುವುದು ಶಿಲುಬೆಯ ಹತ್ತಿರವಲ್ಲ, 8:17ರಲ್ಲಿ, ಪೇತ್ರನ ಅತ್ತೆಯ ಜ್ವರ ಬಿಟ್ಟ ಸಂಜೆ. ಪಾಪ ಹೊರುವ ಅರ್ಥ ಬಿಚ್ಚಿಕೊಳ್ಳುವುದು 1 ಪೇತ್ರ 2ರಲ್ಲಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ (ನಪುಂಸಕನಾದ ಅರಮನೆಯ ಅಧಿಕಾರಿ) ರಥದಲ್ಲಿ ಕೂತು ಓದುವುದು 53:7-8. ‘ಪ್ರವಾದಿ ಇದನ್ನು ಯಾರ ವಿಷಯ ಹೇಳಿದ್ದಾನೆ, ತನ್ನದೋ ಮತ್ತೊಬ್ಬನದೋ’ ಎಂಬ ಅವನ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಅವನು ಇನ್ನಷ್ಟು ಸುರುಳಿ ಬಿಚ್ಚಿದ್ದರೆ ಕಂಚುಕಿಗಳಿಗೆ ದೇವರ ಮನೆಯಲ್ಲಿ ಜಾಗ ಕೊಡುವ 56:4-5 ಸಿಗುತ್ತಿತ್ತು.

ದಾನಿಯೇಲ 9ರ ಎಪ್ಪತ್ತು ವಾರಗಳ ಲೆಕ್ಕದಿಂದ ದೂರ ಇರುವುದು ಕ್ಷೇಮ. ದಿನಕ್ಕೆ ಒಂದು ವರ್ಷದಂತೆ ಎಪ್ಪತ್ತು ವಾರ ಎಂದರೆ 490 ವರ್ಷ. ಎಣಿಕೆ ಎಲ್ಲಿಂದ ಶುರು? ಪರ್ಷಿಯದ ಅರಸರ ಕ್ರಿ.ಪೂ. 538ರ ಅಪ್ಪಣೆಯೋ, 458ರದ್ದೋ, 445ರದ್ದೋ? ಉತ್ತರ ತಪ್ಪಿದರೆ ವರ್ಷಕ್ಕೆ 360 ದಿನ ಎಂದು ಹಿಡಿದು ಸರಿಪಡಿಸುವವರಿದ್ದಾರೆ. ಹೊಸ ಒಡಂಬಡಿಕೆಯ ಯಾರೂ ಈ ಲೆಕ್ಕ ಹಾಕಿ ಯೇಸುವಿನ ಕಾಲವನ್ನು ಸಾಧಿಸಿಲ್ಲ. ಎಂಟು ಪ್ರವಾದನೆಗಳು ಒಬ್ಬನಲ್ಲೇ ಕೂಡುವ ಸಂಭಾವ್ಯತೆ ಹತ್ತರ ಘಾತ ಹದಿನೇಳರಲ್ಲಿ ಒಂದು ಎಂಬ ಗಣಿತವೂ ಇದೇ ಜಾತಿಯದು. ವಿವರಗಳು ವಚನದ ಕಡೆಗೆ ವಾಲಿರುವಲ್ಲಿ ಅವನ್ನು ಸ್ವತಂತ್ರ ಘಟನೆಗಳೆಂದು ಗುಣಿಸಿದರೆ ಬರುವ ಅಂಕಿಗೆ ಅರ್ಥವಿಲ್ಲ.

ನೆರವೇರದೆ ಉಳಿದವೂ ಇವೆಯಲ್ಲ: ತೋಳ ಕುರಿಮರಿಯ ಜೊತೆಗಿರುವುದು (ಯೆಶಾಯ 11:6), ಕತ್ತಿಗಳು ನೇಗಿಲ ಗುಳವಾಗುವುದು (2:4). ಹನ್ನೆರಡನೇ ಶತಮಾನದ ಯೆಹೂದಿ ಪಂಡಿತ ಮೈಮೊನಿದೆಸ್ ಅಳತೆಗೋಲನ್ನು ಚೊಕ್ಕಟವಾಗಿ ಇಟ್ಟ: ದಾವೀದನ ವಂಶದವನು ದೇವಾಲಯ ಕಟ್ಟಿ, ಚದರಿದ ಇಸ್ರೇಲನ್ನು ಕೂಡಿಸಿದರೆ ಅವನೇ ಮೆಸ್ಸೀಯ, ಗೆಲ್ಲದಿದ್ದರೆ ಅಥವಾ ಕೊಲೆಯಾದರೆ ಅವನಲ್ಲ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ಅರಸ ಮೊದಲನೇ ಜೇಮ್ಸ್‌ನ ಎದುರು, ಯೆಹೂದಿ ಧರ್ಮದಿಂದ ಕ್ರೈಸ್ತನಾಗಿ ಮತಾಂತರವಾಗಿದ್ದ ಪಾಬ್ಲೊ ಕ್ರಿಸ್ತಿಯಾನಿಯ ಜೊತೆ ವಾದಕ್ಕೆ ನಿಂತ ಯೆಹೂದಿ ಪಂಡಿತ ನಹ್ಮನಿದೆಸ್ ಇದೇ ಗಾಯಕ್ಕೆ ಕೈ ಹಾಕಿದ. ಯೇಸುವಿನ ದಿನದಿಂದ ಇಂದಿನವರೆಗೂ ಲೋಕದ ತುಂಬ ಹಿಂಸೆಯೇ, ಯುದ್ಧ ಕಲಿಯುವುದು ನಿಂತರೆ ನಿಮಗೂ ನಿಮ್ಮ ಸರದಾರರಿಗೂ ಎಷ್ಟು ಕಷ್ಟವಾದೀತು ಎಂದು ಅರಸನಿಗೇ ಹೇಳಿದೆನೆಂದು ತಾನೇ ಬರೆದಿಟ್ಟಿದ್ದಾನೆ.

ಈ ಆಕ್ಷೇಪಣೆ ಮೊದಲ ಶತಮಾನದ ಕ್ರೈಸ್ತರಿಗೆ ಹೊಳೆಯದೆ ಇರಲಿಲ್ಲ. ಎಲ್ಲವೂ ಸರಿಯಾಗುವ ಕಾಲದವರೆಗೆ ಆತ ಪರಲೋಕದಲ್ಲಿರಬೇಕು ಎಂದು ಪೇತ್ರ ದೇವಾಲಯದ ಅಂಗಳದಲ್ಲೇ ಹೇಳುತ್ತಾನೆ (ಅ.ಕೃ. 3:21). ಹೊಸ ಒಡಂಬಡಿಕೆ ಅತಿ ಹೆಚ್ಚು ಬಾರಿ ನೆನೆಯುವ ಹಳೆಯ ವಚನ ಕೀರ್ತನೆ 110:1: ನಿನ್ನ ವಿರೋಧಿಗಳನ್ನು ನಿನ್ನ ಪಾದಪೀಠ ಮಾಡುವ ತನಕ ನನ್ನ ಬಲಗಡೆಯಲ್ಲಿ ಕೂತಿರು. ಇಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯ ಏಳು ಹಳೆಯ ಉದ್ಧರಣೆಗಳನ್ನು ಸಾಲಾಗಿ ಪೋಣಿಸಿ ಈ ವಚನಕ್ಕೆ ಬಂದು ನಿಲ್ಲುತ್ತದೆ. ಆ ಸರಣಿಯಲ್ಲೇ ನಾತಾನನ ಮಾತೂ ಇದೆ, ಅರ್ಧ ಮಾತ್ರ: ‘ನಾನು ಅವನಿಗೆ ತಂದೆ, ಅವನು ನನಗೆ ಮಗ’ ಎಂಬುದನ್ನು ತೆಗೆದುಕೊಂಡು, ‘ತಪ್ಪು ಮಾಡಿದರೆ ದಂಡಿಸುವೆನು’ ಎಂಬುದನ್ನು ಬಿಟ್ಟಿದೆ. ಮುಂದಿನ ಅಧ್ಯಾಯದಲ್ಲಿ ಕೀರ್ತನೆ 8ರ ‘ಸಮಸ್ತವನ್ನೂ ಅವನಿಗೆ ಅಧೀನ ಮಾಡಿದ್ದೀ’ ಎಂಬ ಸಾಲು ಬರುತ್ತದೆ. ಅದರ ಬೆನ್ನಿಗೇ ಪತ್ರ ಬರೆದವನ ಸ್ವಂತ ಮಾತು ಇದೆ: ಆದರೆ ಸಮಸ್ತವೂ ಅವನಿಗೆ ಅಧೀನವಾಗಿರುವುದನ್ನು ನಾವು ಇನ್ನೂ ಕಾಣುತ್ತಿಲ್ಲ (2:8).